ಓದುಗರ ಪ್ರಶ್ನೆ, ವೈದ್ಯರ ಉತ್ತರ: ನಿರೋಧಕ ಶಕ್ತಿ ಕಡಿಮೆಯಿದ್ದರೂ ಅದು ದೇಹದ ಮೇಲೆಯೇ ಎರಗುವುದೇಕೆ?

ಹುಟ್ಟಿನಿಂದಲೇ ಬರುವ ರೋಗನಿರೋಧಕ ಕೊರತೆಗಳ ಕುರಿತು ಕಳೆದ ಸಂಚಿಕೆಯಲ್ಲಿ ಬರೆದ ಬಳಿಕ ಮಲೆನಾಡಿನ ಹಲವು ತಾಲ್ಲೂಕುಗಳಿಂದ ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಗೊಂದಲವನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತವೆ: ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯೇ ಇಲ್ಲದ ವ್ಯಕ್ತಿಗೆ, ಆ ಶಕ್ತಿ ಮಿತಿಮೀರಿದಾಗ ಬರುತ್ತದೆಂದು ಕೇಳಿರುವ ಆಟೋ ಇಮ್ಯೂನ್ ಕಾಯಿಲೆ (ನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ಎರಗುವ ಕಾಯಿಲೆ) ಬರುವುದು ಹೇಗೆ? ಈ ಸಲದ ಅಂಕಣವನ್ನು ಪೂರ್ತಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ 19 ವರ್ಷ. ಚಿಕ್ಕಂದಿನಿಂದಲೂ ಮಳೆಗಾಲ ಬಂತೆಂದರೆ ಕಿವಿ ಸೋರುವುದು, ಸೈನಸ್, ಕೆಮ್ಮು ತಪ್ಪಿದ್ದಲ್ಲ. ಎರಡು ಸಲ ನ್ಯುಮೋನಿಯಾ ಆಗಿದೆ. ಕಳೆದ ಫೆಬ್ರವರಿಯಲ್ಲಿ ಕಾಲಿನ ಮೇಲೆ ಕೆಂಪು ಚುಕ್ಕೆಗಳು ಎದ್ದು, ಒಸಡಿನಲ್ಲಿ ರಕ್ತ ಬಂತು. ಪ್ಲೇಟ್‌ಲೆಟ್ 12,000ಕ್ಕೆ ಇಳಿದಿತ್ತು. ಡೆಂಗಿ ಇರಬಹುದು, ಮಂಗನ ಕಾಯಿಲೆ ಇರಬಹುದು ಎಂದು ಪರೀಕ್ಷೆ ಮಾಡಿದರು, ಎರಡೂ ಇರಲಿಲ್ಲ. ಅವಳ ದೇಹವೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುತ್ತಿದೆ ಎಂದು ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ಬೆಂಗಳೂರಿಗೆ ಕರೆದುಕೊಂಡು ಹೋದಾಗ ಅಲ್ಲಿನವರು ರಕ್ತದಲ್ಲಿ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೋಗಾಣುವಿಗೆ ಅಂಟಿ ತಡೆಯುವ ಪ್ರತಿಕಾಯ, ತೀರಾ ಕಡಿಮೆಯಿದೆ, ಇದು ಸಿವಿಐಡಿ ಎಂಬ ಪ್ರತಿಕಾಯ ಕೊರತೆಯ ಕಾಯಿಲೆ ಎಂದು ಹೇಳಿ ಪ್ರತಿಕಾಯಗಳ ಡ್ರಿಪ್ ಶುರುಮಾಡಿದ್ದಾರೆ. ಒಬ್ಬರು ಶಕ್ತಿ ತಗ್ಗಿಸುವ ಔಷಧಿ ಕೊಡುತ್ತಾರೆ, ಇನ್ನೊಬ್ಬರು ಶಕ್ತಿ ತುಂಬುವ ಔಷಧಿ ಕೊಡುತ್ತಾರೆ. ಇಬ್ಬರಲ್ಲಿ ಯಾರು ಸರಿ? ಎರಡನ್ನೂ ನಿಲ್ಲಿಸಿಬಿಡೋಣ ಎಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ.
— ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲಿಗೆ ಒಂದು ಮಾತು: ದಯವಿಟ್ಟು ಯಾವುದನ್ನೂ ನಿಲ್ಲಿಸಬೇಡಿ. ಸ್ಟಿರಾಯ್ಡ್ ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ಅದರಿಂದಲೇ ಅಪಾಯವಿದೆ, ಪ್ಲೇಟ್‌ಲೆಟ್ ಮತ್ತೆ ಕುಸಿಯಬಹುದಾದ ಅಪಾಯ ಬೇರೆ. ಇಬ್ಬರು ವೈದ್ಯರೂ ಸರಿಯಾಗಿಯೇ ಹೇಳಿದ್ದಾರೆ. ಒಂದೇ ಕಾಯಿಲೆಯ ಎರಡು ಮುಖಗಳನ್ನು ಒಬ್ಬೊಬ್ಬರು ಒಂದೊಂದಾಗಿ ಕಂಡಿದ್ದಾರೆ.

ರೋಗನಿರೋಧಕ ವ್ಯವಸ್ಥೆಯನ್ನು ಹೆಚ್ಚು ಅಥವಾ ಕಡಿಮೆ ಎಂದು ಅಳೆಯಬಹುದಾದ ಒಂದೇ ಶಕ್ತಿಯೆಂದು ಭಾವಿಸಿದರೆ ನಿಮ್ಮ ಮಗಳ ಸ್ಥಿತಿ ಎಂದಿಗೂ ಅರ್ಥವಾಗುವುದಿಲ್ಲ. ಆ ವ್ಯವಸ್ಥೆಗೆ ಎರಡು ಕೆಲಸಗಳಿವೆ: ಹೊರಗಿನಿಂದ ಬಂದ ರೋಗಾಣುವನ್ನು ಗುರುತಿಸಿ ಕೊಲ್ಲುವುದು ಒಂದು, ದೇಹದ ಸ್ವಂತ ಕಣಗಳನ್ನು ಗುರುತಿಸಿ ಅವುಗಳ ತಂಟೆಗೆ ಹೋಗದಿರುವುದು ಇನ್ನೊಂದು. ಈ ಎರಡನೆಯ ಕೆಲಸ ತಾನಾಗಿ ಆಗುವಂಥದ್ದಲ್ಲ, ಅದಕ್ಕೂ ತರಬೇತಿ, ಸೋಸುವಿಕೆ ಮತ್ತು ನಿರಂತರ ನಿಗ್ರಹ ಬೇಕು. ನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳಲ್ಲಿ ಟಿ ಮತ್ತು ಬಿ ಎಂಬ ಬಗೆಗಳಿವೆ, ಪ್ರತಿಕಾಯ ಮಾಡುವುದು ಬಿ ಕಣಗಳು. ಎಳೆಯ ಟಿ ಕಣಗಳು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿಯೂ ಬಿ ಕಣಗಳು ಅಸ್ಥಿಮಜ್ಜೆಯಲ್ಲಿಯೂ ಬೆಳೆಯುವಾಗ, ಒಣಗಿದ ಅಡಿಕೆಯನ್ನು ಹರಡಿಕೊಂಡು ಕೆಟ್ಟದ್ದನ್ನು ಆರಿಸಿ ತೆಗೆಯುವಂತೆ, ದೇಹಕ್ಕೇ ಅಂಟಿಕೊಳ್ಳುವ ಸ್ವಭಾವದ ಕಣಗಳನ್ನು ಆರಿಸಿ ನಾಶಪಡಿಸಲಾಗುತ್ತದೆ. ಆ ಆಯ್ಕೆಯಲ್ಲಿ ತಪ್ಪಿಸಿಕೊಂಡ ಕೆಲವನ್ನು ನಿಯಂತ್ರಕ ಟಿ ಕಣಗಳು ಹೊರಗೆ ತಡೆದು ನಿಲ್ಲಿಸುತ್ತವೆ. ಇಂಥ ಕಣಗಳಿವೆ ಎಂಬುದನ್ನು ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ತೋರಿಸಿದರು. ಅವು ಕೆಲಸ ಮಾಡಲು ಬೇಕಾದ ಫಾಕ್ಸ್‌ಪಿ3 ಎಂಬ ಜೀನ್ ಕೆಟ್ಟರೆ ಗಂಡು ಶಿಶುಗಳಲ್ಲಿ ಮಧುಮೇಹ, ನಿಲ್ಲದ ಭೇದಿ, ಚರ್ಮದ ಉರಿಯೂತ ಎಲ್ಲವೂ ಒಟ್ಟಿಗೆ ಬರುತ್ತವೆ ಎಂಬುದು 2001ರಲ್ಲಿ ತಿಳಿಯಿತು. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದದ್ದು ಈ ಕೆಲಸಕ್ಕಾಗಿ ಸಕಾಗುಚಿ, ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ.

ರೋಗಾಣುವನ್ನು ಕೊಲ್ಲಲು ಬೇಕಾದ ಜೀನ್‌ಗಳಲ್ಲಿ ಅನೇಕವು ಈ ಸೋಸುವ, ನಿಗ್ರಹಿಸುವ ಕೆಲಸಕ್ಕೂ ಬೇಕು. ಆದ್ದರಿಂದ ಅಂಥ ಒಂದು ಜೀನ್‌ನಲ್ಲಿ ದೋಷವಿದ್ದರೆ ಸೋಂಕಿನಿಂದ ರಕ್ಷಣೆಯೂ ಕುಂದುತ್ತದೆ, ತನ್ನದು ಪರರದು ಎಂಬ ವಿವೇಕವೂ ಕುಂದುತ್ತದೆ. ನಿಮ್ಮ ಮಗಳಿಗಿರುವ ಸಿವಿಐಡಿಯಲ್ಲಿ ಬಿ ಕಣಗಳು ಇರುತ್ತವೆ, ಆದರೆ ಪೂರ್ತಿ ಬಲಿಯುವುದಿಲ್ಲ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾಕ್ಕೆ ತಕ್ಕ ಒಳ್ಳೆಯ ಪ್ರತಿಕಾಯವನ್ನು ಅವು ಮಾಡಲಾರವು, ಆದರೆ ಸರಿಯಾಗಿ ಸೋಸಿಹೋಗದ ಕೆಲವು ಕಣಗಳು ಪ್ಲೇಟ್‌ಲೆಟ್‌ಗೆ ಅಂಟುವ ಪ್ರತಿಕಾಯವನ್ನು ಮಾಡಬಲ್ಲವು. ಒಟ್ಟು ಪ್ರತಿಕಾಯ ಕಡಿಮೆ, ಇರುವುದರಲ್ಲಿ ಒಂದಿಷ್ಟು ಹಾದಿ ತಪ್ಪಿದ್ದು. ಹೀಗೆ ಪ್ರತಿಕಾಯ ಅಂಟಿದ ಪ್ಲೇಟ್‌ಲೆಟ್‌ಗಳನ್ನು ಗುಲ್ಮವು (ಸ್ಪ್ಲೀನ್) ರಕ್ತದಿಂದ ಹಿಡಿದು ನಾಶಮಾಡುತ್ತದೆ.

ಇದು ಅಪರೂಪದ ಕಾಕತಾಳೀಯವೂ ಅಲ್ಲ. ಫ್ರಾನ್ಸ್ ದೇಶದ ರಾಷ್ಟ್ರೀಯ ನೋಂದಣಿಯಲ್ಲಿದ್ದ, ಹುಟ್ಟಿನಿಂದ ಬಂದ ನಿರೋಧಕ ಕೊರತೆಯುಳ್ಳ 2183 ಮಂದಿಯ ವಿವರಗಳನ್ನು 2017ರಲ್ಲಿ ಪ್ರಕಟಿಸಲಾಯಿತು. ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಆಟೋ ಇಮ್ಯೂನ್ ಅಥವಾ ಉರಿಯೂತದ ಕಾಯಿಲೆ ಇತ್ತು, ಮತ್ತು ದೇಹವೇ ರಕ್ತಕಣಗಳನ್ನು ನಾಶಮಾಡುವ ತೊಂದರೆಯ ಸಾಧ್ಯತೆ ಸಾಮಾನ್ಯ ಜನರಿಗಿಂತ ಕನಿಷ್ಠ 120 ಪಟ್ಟು ಹೆಚ್ಚಾಗಿತ್ತು. ಸಿವಿಐಡಿಯಲ್ಲಿ ಅತಿ ಹೆಚ್ಚಾಗಿ ಕಾಣುವ ಆಟೋ ಇಮ್ಯೂನ್ ತೊಂದರೆ ನಿಮ್ಮ ಮಗಳಿಗೆ ಆದದ್ದೇ. ಅನೇಕರಲ್ಲಿ ಪ್ರತಿಕಾಯದ ಕೊರತೆ ಪತ್ತೆಯಾಗುವ ಮೊದಲೇ ಪ್ಲೇಟ್‌ಲೆಟ್ ಕುಸಿದಿರುತ್ತದೆ.

ಈ ಕಾರಣಕ್ಕಾಗಿಯೇ ನನಗೊಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಎಂದೊಡನೆ ಡೆಂಗಿ, ಇಲಿಜ್ವರ, ಮಂಗನ ಕಾಯಿಲೆಗಳನ್ನು ನೆನೆಯುವುದು ಸರಿಯಾದದ್ದೇ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಉಣ್ಣೆ (ಉಣುಗು) ಕಚ್ಚುವ ಬೇಸಿಗೆಯ ತಿಂಗಳುಗಳಲ್ಲಿ ಅದನ್ನು ಮರೆಯುವಂತಿಲ್ಲ. ಆದರೆ ಜ್ವರವಿಲ್ಲದೆ ಪ್ಲೇಟ್‌ಲೆಟ್ ಕುಸಿದಾಗ, ಕುಸಿತ ಮರುಕಳಿಸಿದಾಗ, ಪ್ಲೇಟ್‌ಲೆಟ್ ಜೊತೆಗೆ ಕೆಂಪು ರಕ್ತಕಣಗಳೂ ನಾಶವಾಗುತ್ತಿರುವಾಗ, ಅಥವಾ ಹಿಂದೆ ಪದೇ ಪದೇ ಕಿವಿ, ಸೈನಸ್, ಶ್ವಾಸಕೋಶದ ಸೋಂಕಾಗಿದ್ದಾಗ, ರಕ್ತದಲ್ಲಿ ಐಜಿಜಿ, ಐಜಿಎ, ಐಜಿಎಂ ಎಂಬ ಮೂರು ಬಗೆಯ ಪ್ರತಿಕಾಯಗಳು ಎಷ್ಟಿವೆ ಎಂದು ಒಮ್ಮೆ ನೋಡಲೇಬೇಕು. ಅದು ಸಾಮಾನ್ಯ ರಕ್ತಪರೀಕ್ಷೆ, ದೊಡ್ಡ ಊರುಗಳ ಪ್ರಯೋಗಾಲಯಗಳಲ್ಲಿ ಸಿಗುತ್ತದೆ. ಸ್ಟಿರಾಯ್ಡ್ ದೀರ್ಘಕಾಲ ಕೊಟ್ಟರೆ ಐಜಿಜಿ ತಾನಾಗಿಯೇ ಇಳಿಯುತ್ತದೆ, ಬಿ ಕಣಗಳನ್ನೇ ಅಳಿಸುವ ರಿಟುಕ್ಸಿಮ್ಯಾಬ್ ಕೊಟ್ಟ ಮೇಲಂತೂ ಕೊರತೆ ಮೊದಲಿನದೋ ಔಷಧಿಯಿಂದ ಬಂದದ್ದೋ ಎಂದು ಹೇಳುವುದು ಬಹಳ ಕಷ್ಟ. ಹಾಗಾಗಿ ಈ ಪರೀಕ್ಷೆಯ ರಕ್ತವನ್ನು ಆ ಔಷಧಿಗಳ ಮೊದಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ನಿಮ್ಮ ಮಗಳ ಸೋಂಕುಗಳ ಹಳೆಯ ಕಥೆಯನ್ನು ಬೆಂಗಳೂರಿನಲ್ಲಿ ಯಾರೋ ಕೂತು ಕೇಳಿದ್ದಾರೆ. ರೋಗ ಪತ್ತೆಯಾದದ್ದು ಹಾಗೆ.

ಚಿಕಿತ್ಸೆಯ ಲೆಕ್ಕ ಹೀಗಿದೆ. ಕೊರತೆ ತುಂಬಲು ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 400ರಿಂದ 600 ಮಿಲಿಗ್ರಾಂ ಇಮ್ಯುನೊಗ್ಲಾಬ್ಯುಲಿನ್ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಬೇಕಾಗುತ್ತದೆ, ಏಕೆಂದರೆ ರಕ್ತದಲ್ಲಿನ ಐಜಿಜಿ ಸುಮಾರು ಮೂರು ವಾರಗಳಲ್ಲಿ ಅರ್ಧಕ್ಕಿಳಿಯುತ್ತದೆ. ಪ್ಲೇಟ್‌ಲೆಟ್ ಅಪಾಯದ ಮಟ್ಟಕ್ಕೆ ಇಳಿದಾಗ ಅದೇ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ, ಕಿಲೋಗೆ ಸುಮಾರು 1 ಗ್ರಾಂನಷ್ಟು ಕೊಟ್ಟರೆ ಗುಲ್ಮದ ನಾಶಕಾರ್ಯ ಕೆಲವು ವಾರಗಳ ಮಟ್ಟಿಗೆ ತಡೆಹಿಡಿಯಲ್ಪಡುತ್ತದೆ. ಅಂದರೆ ನಿಮ್ಮ ಮಗಳಿಗೆ ಆ ಡ್ರಿಪ್ ಸೋಂಕಿಗೂ ಔಷಧಿ, ಪ್ಲೇಟ್‌ಲೆಟ್‌ಗೂ ಔಷಧಿ. ಸ್ಟಿರಾಯ್ಡ್ ಅನ್ನು ಆದಷ್ಟು ಕಡಿಮೆ ಕಾಲ ಇಟ್ಟುಕೊಂಡು ಹಂತಹಂತವಾಗಿ ಇಳಿಸುತ್ತಾರೆ. ಗುಲ್ಮವನ್ನೇ ತೆಗೆಸುವ ಸಲಹೆ ಯಾರಾದರೂ ಕೊಟ್ಟರೆ ಅವಸರಪಡದೆ ಈ ಕಾಯಿಲೆ ಬಲ್ಲವರನ್ನು ಮತ್ತೊಮ್ಮೆ ಕೇಳಿ, ಏಕೆಂದರೆ ಪ್ರತಿಕಾಯವೂ ಇಲ್ಲದೆ ಗುಲ್ಮವೂ ಇಲ್ಲದ ದೇಹಕ್ಕೆ ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ರಕ್ತಕ್ಕೇರಿದರೆ ಗಂಟೆಗಳಲ್ಲಿ ಪ್ರಾಣಾಪಾಯವಾಗುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿರುವಾಗ ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಬೇಡ. ತೀವ್ರ ತಲೆನೋವು, ವಾಂತಿ ಬಂದರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನನಗೆ 34 ವರ್ಷ, ಮೂರು ವರ್ಷಗಳಿಂದ ಪ್ರತಿಕಾಯದ ಕೊರತೆಗಾಗಿ ಪ್ರತಿ ತಿಂಗಳು ಐವಿಐಜಿ (ಪ್ರತಿಕಾಯಗಳ ಡ್ರಿಪ್) ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ಕೀಲುನೋವು ಶುರುವಾದಾಗ ಮಾಡಿಸಿದ ಪರೀಕ್ಷೆಗಳಲ್ಲಿ ಹೆಪಟೈಟಿಸ್ ಬಿ ಪ್ರತಿಕಾಯ ಪಾಸಿಟಿವ್ ಬಂದಿದೆ, ಸಂಧಿವಾತದ ಪರೀಕ್ಷೆಗಳು ನೆಗೆಟಿವ್ ಬಂದಿವೆ. ಔಷಧಿಯಿಂದ ಕಾಮಾಲೆಯ ವೈರಸ್ ಬಂತೇ ಎಂಬ ಭಯ ಒಂದು ಕಡೆ, ನೋವು ಸುಳ್ಳೇ ಎಂಬ ಅನುಮಾನ ಇನ್ನೊಂದು ಕಡೆ.
— ಸಾಗರ

ಉತ್ತರ: ಎರಡೂ ಬೇಡ. ಐವಿಐಜಿ ಎಂದರೆ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ಬೇರ್ಪಡಿಸಿದ ಐಜಿಜಿ. ಆ ದಾನಿಗಳು ಲಸಿಕೆಯಿಂದಲೋ ಹಳೆಯ ಸೋಂಕಿನಿಂದಲೋ ಪಡೆದ ಪ್ರತಿಕಾಯಗಳೆಲ್ಲ ಅದರಲ್ಲಿರುತ್ತವೆ. ಆದ್ದರಿಂದ ಡ್ರಿಪ್ ಪಡೆಯುತ್ತಿರುವವರ ರಕ್ತದಲ್ಲಿ ಹೆಪಟೈಟಿಸ್ ಬಿ, ಡೆಂಗಿ ಮುಂತಾದವುಗಳ ಐಜಿಜಿ ಪ್ರತಿಕಾಯ ಕಾಣುವುದು ಸಹಜ, ಅದು ನಿಮ್ಮ ದೇಹದ ಮಾತಲ್ಲ, ದಾನಿಗಳದು. ವೈರಸ್ ನಿಜವಾಗಿ ಇದೆಯೇ ಎಂದು ತಿಳಿಯಲು ವೈರಸ್‌ನ ಮೇಲ್ಮೈ ಪ್ರೋಟೀನನ್ನು, ಬೇಕಿದ್ದರೆ ಅದರ ಡಿಎನ್ಎಯನ್ನು ನೇರವಾಗಿ ಹುಡುಕುವ ಪರೀಕ್ಷೆ ಮಾಡಿಸಬೇಕು. ಕೆಂಪು ಕಣಗಳಿಗೆ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆಯೂ ಹೆಚ್ಚಿನ ಪ್ರಮಾಣದ ಐವಿಐಜಿಯ ನಂತರ ಪಾಸಿಟಿವ್ ಆಗಬಹುದು. ಎ ಅಥವಾ ಎಬಿ ಗುಂಪಿನ ರಕ್ತದವರಲ್ಲಿ ಇದು ಬರೀ ವರದಿಯಲ್ಲಿ ಉಳಿಯದೆ ನಿಜವಾದ ರಕ್ತಹೀನತೆಗೂ ಕಾರಣವಾಗುವುದುಂಟು.

ಸಂಧಿವಾತದ ಪರೀಕ್ಷೆ ನೆಗೆಟಿವ್ ಬಂದದ್ದಕ್ಕೆ ಹೆಚ್ಚು ಬೆಲೆ ಕೊಡುವಂತಿಲ್ಲ. ರುಮಟಾಯ್ಡ್ ಫ್ಯಾಕ್ಟರ್ ಮುಂತಾದ ಪರೀಕ್ಷೆಗಳು ಹುಡುಕುವುದೇ ಪ್ರತಿಕಾಯಗಳನ್ನು. ಪ್ರತಿಕಾಯ ಮಾಡುವ ಸಾಮರ್ಥ್ಯವೇ ಕಡಿಮೆಯಿರುವವರಲ್ಲಿ ಕೀಲಿನ ಉರಿಯೂತ ಇದ್ದರೂ ಪರೀಕ್ಷೆ ಮೌನವಾಗಿರಬಹುದು. ಕೀಲು ಬಿಸಿಯಾಗಿದೆಯೇ, ಊದಿದೆಯೇ, ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು ಮುಟ್ಟಿ ಕೇಳಿ ನೋಡುವ ವೈದ್ಯರು ನಿಮಗೆ ಬೇಕು. ಊದಿದ ಕೀಲಿನ ನೀರನ್ನು ತೆಗೆದು ಸೋಂಕಿಲ್ಲವೆಂದು ಖಚಿತಪಡಿಸಿಕೊಳ್ಳುವುದೂ ಮುಖ್ಯ, ಏಕೆಂದರೆ ನಿರೋಧಕ ಕೊರತೆಯುಳ್ಳವರಲ್ಲಿ ಮೈಕೊಪ್ಲಾಸ್ಮಾದಂಥ ಅಸಾಮಾನ್ಯ ರೋಗಾಣುಗಳೂ ಕೀಲಿಗೆ ಬರುತ್ತವೆ. ಇದೇ ತರ್ಕ ಜ್ವರದ ಪರೀಕ್ಷೆಗಳಿಗೂ ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಕಾಡಿನ ಅಂಚಿಗೆ ಹೋಗಿಬಂದು ಜ್ವರ ಬಂದರೆ, ನಿಮ್ಮ ಕೊರತೆಯ ವಿಷಯ ತಿಳಿಸಿ ವೈರಸ್ಸನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆಯನ್ನೇ ಕೇಳಿ. ಐಜಿಎಂ ಪ್ರತಿಕಾಯವೊಂದನ್ನೇ ನೋಡಿ ಮಂಗನ ಕಾಯಿಲೆ ಇಲ್ಲವೆಂದು ನಿಮ್ಮ ವಿಷಯದಲ್ಲಿ ತೀರ್ಮಾನಿಸಲಾಗದು.

ಪ್ರಶ್ನೆ: ನನ್ನ 9 ವರ್ಷದ ಮಗನಿಗೆ ಸಿಜಿಡಿ ಎಂಬ ಕಾಯಿಲೆ. ಹುಟ್ಟಿದಾಗ ಹಾಕಿದ ಬಿಸಿಜಿಯ ಗಾಯ ತಿಂಗಳುಗಟ್ಟಲೆ ಮಾಗದೆ ಕಂಕುಳಲ್ಲಿ ಗಡ್ಡೆಯಾಗಿತ್ತು. ಈಗ ಒಂದು ವರ್ಷದಿಂದ ಹೊಟ್ಟೆನೋವು, ರಕ್ತಭೇದಿ. ಕರುಳಿನಲ್ಲಿ ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ತರಹದ ಹುಣ್ಣು ಎಂದಿದ್ದಾರೆ. ನನ್ನ ಹೆಂಡತಿಗೂ ಬಿಸಿಲಿಗೆ ಹೋದರೆ ಮುಖದ ಮೇಲೆ ಕೆಂಪು ಮಚ್ಚೆ ಏಳುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ. ನಮ್ಮದು ಅಡಿಕೆ ತೋಟ, ಕೊಟ್ಟಿಗೆ ಇರುವ ಮನೆ. ಇದಕ್ಕೆ ಶಾಶ್ವತ ಪರಿಹಾರವಿಲ್ಲವೇ?
— ಕೊಪ್ಪ ತಾಲ್ಲೂಕು

ಉತ್ತರ: ಸಿಜಿಡಿಯಲ್ಲಿ ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗುತ್ತವೆ, ಆದರೆ ಕೊಲ್ಲಲು ಬೇಕಾದ ತೀಕ್ಷ್ಣ ಆಮ್ಲಜನಕದ ರಾಸಾಯನಿಕಗಳನ್ನು ತಯಾರಿಸಲಾರವು. ಆ ರಾಸಾಯನಿಕಗಳಿಗೆ ಉರಿಯೂತವನ್ನು ಆರಿಸುವ ಪಾತ್ರವೂ ಇದೆ. ಅವು ಇಲ್ಲದಿದ್ದಾಗ ಶುರುವಾದ ಉರಿಯೂತ ತಣಿಯದೆ ಮುಂದುವರಿಯುತ್ತದೆ, ಅದು ಹೆಚ್ಚಾಗಿ ಕಾಣುವುದು ಕರುಳಿನಲ್ಲಿ. ಸಾಮಾನ್ಯ ಕ್ರೋನ್ಸ್ ರೋಗಿಗಳಿಗೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಗುಂಪಿನ ಔಷಧಿಗಳನ್ನು ಸಿಜಿಡಿ ಇರುವವರಿಗೆ ಕೊಟ್ಟಾಗ ಮಾರಕ ಸೋಂಕುಗಳಾಗಿವೆ, ಆದ್ದರಿಂದ ಹೊಟ್ಟೆಯ ತಜ್ಞರನ್ನು ಬದಲಿಸಿದಾಗಲೆಲ್ಲ ಮೂಲ ಕಾಯಿಲೆಯ ಹೆಸರನ್ನು ಮೊದಲು ಹೇಳಿ, ಹಳೆಯ ಫೈಲನ್ನು ಕೈಯಲ್ಲೇ ಇಟ್ಟುಕೊಳ್ಳಿ.

ನಿಮ್ಮ ಹೆಂಡತಿಯವರ ಮಚ್ಚೆಯ ವಿಷಯ ಬರೆದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಮಗುವಿನ ಚಿಂತೆಯಲ್ಲಿ ತಾಯಿಯ ತೊಂದರೆಯನ್ನು ಯಾರೂ ಕೇಳದಿರುವುದೇ ಹೆಚ್ಚು. ಎಕ್ಸ್ ವರ್ಣತಂತುವಿನಲ್ಲಿ ದೋಷವಿರುವ ಬಗೆಯ ಸಿಜಿಡಿಯಲ್ಲಿ ಸಾಮಾನ್ಯವಾಗಿ ತಾಯಿ ವಾಹಕಳಾಗಿರುತ್ತಾಳೆ. ಅವಳ ಬಿಳಿ ಕಣಗಳಲ್ಲಿ ಒಂದು ಭಾಗ ಸರಿಯಾಗಿಯೂ ಇನ್ನೊಂದು ಭಾಗ ದೋಷದಿಂದಲೂ ಇರುತ್ತದೆ. ಇಂಥ ವಾಹಕ ಮಹಿಳೆಯರಲ್ಲಿ ಬಿಸಿಲಿಗೆ ಏಳುವ ಲೂಪಸ್ (ಚರ್ಮ, ಕೀಲುಗಳನ್ನು ಬಾಧಿಸುವ ಒಂದು ಆಟೋ ಇಮ್ಯೂನ್ ಕಾಯಿಲೆ) ತರಹದ ಮಚ್ಚೆಗಳು, ಬಾಯಿಹುಣ್ಣು, ಕೀಲುನೋವು ಸಾಮಾನ್ಯರಿಗಿಂತ ಹೆಚ್ಚು. ಬಿಳಿ ಕಣಗಳು ಆ ರಾಸಾಯನಿಕಗಳನ್ನು ಮಾಡುತ್ತಿವೆಯೇ ಎಂದು ನೋಡಲು ಮಗನಿಗೆ ಮಾಡಿದ ಡಿಎಚ್ಆರ್ ಪರೀಕ್ಷೆಯನ್ನು ಅವರಿಗೂ ಮಾಡಿಸಿ, ಚರ್ಮರೋಗ ತಜ್ಞರಿಗೆ ತೋರಿಸಿ. ಇದರಲ್ಲಿ ಅವರ ತಪ್ಪೇನೂ ಇಲ್ಲ ಎಂಬುದನ್ನು ಮನೆಯ ಹಿರಿಯರ ಮುಂದೆ ನೀವೇ ಹೇಳಬೇಕು.

ಮನೆಯಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕಾದದ್ದು ಒಂದಿದೆ. ಕೊಳೆತ ಸೊಪ್ಪು, ತರಗೆಲೆಯ ರಾಶಿ, ಗೊಬ್ಬರ ಗುಂಡಿ, ಬೂಸ್ಟು ಹಿಡಿದ ಹುಲ್ಲು, ಇವುಗಳನ್ನು ಕೆದಕಿದಾಗ ಏಳುವ ಆಸ್ಪರ್ಜಿಲಸ್ ಬೂಸ್ಟಿನ ಕಣಗಳು ಸಿಜಿಡಿ ಇರುವ ಮಗುವಿನ ಶ್ವಾಸಕೋಶಕ್ಕೆ ಹೋದರೆ ಕೆಲವೇ ದಿನಗಳಲ್ಲಿ ಉಸಿರೇ ನಿಲ್ಲುವಂಥ ನ್ಯುಮೋನಿಯಾ ಆಗಬಹುದು. ಕೊಟ್ಟಿಗೆಗೆ ಸೊಪ್ಪು ಹಾಸುವಾಗ, ತೋಟಕ್ಕೆ ಗೊಬ್ಬರ ಹೊರುವಾಗ, ಹಳೆಯ ಹುಲ್ಲಿನ ಬಣವೆ ಬಿಚ್ಚುವಾಗ ಅವನು ದೂರವಿರಲಿ. ತೋಟದ ಮಕ್ಕಳಿಗೆ ಇದು ಕಷ್ಟದ ನಿರ್ಬಂಧವೆಂದು ನನಗೆ ಗೊತ್ತು, ಆದರೂ ಇದರಲ್ಲಿ ರಿಯಾಯಿತಿ ಕೊಡಲಾರೆ. ಬ್ಯಾಕ್ಟೀರಿಯಾ ತಡೆಯುವ ಕೋಟ್ರೈಮಾಕ್ಸಜೋಲ್ ಮತ್ತು ಬೂಸ್ಟು ತಡೆಯುವ ಇಟ್ರಾಕೊನಜೋಲ್ ಮಾತ್ರೆಗಳನ್ನು ಕಾಯಿಲೆ ಇಲ್ಲದ ದಿನಗಳಲ್ಲಿಯೂ ತಪ್ಪಿಸಬೇಡಿ.

ಶಾಶ್ವತ ಪರಿಹಾರವಿದೆ. ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆ ಕಸಿಯಿಂದ ಸೋಂಕಿನ ಅಪಾಯ ಮಾತ್ರವಲ್ಲ, ಕರುಳಿನ ಉರಿಯೂತವೂ ವಾಸಿಯಾಗುತ್ತದೆ, ಏಕೆಂದರೆ ಎರಡಕ್ಕೂ ಮೂಲ ಒಂದೇ. ಒಡಹುಟ್ಟಿದವರ ಎಚ್ಎಲ್ಎ (ಅಂಗಾಂಶದ ಗುರುತು) ಹೊಂದಾಣಿಕೆಯನ್ನು ಮೊದಲು ನೋಡುತ್ತಾರೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸಿಜಿಡಿ ಕಸಿಯಿಂದ ಗುಣವಾಗುವ ಕಾಯಿಲೆಗಳ ಗುಂಪಿನಲ್ಲಿದೆ. ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಬೆಂಗಳೂರಿನಲ್ಲಿ ಈ ಹೊಣೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸಂಸ್ಥೆಯದು.

ಪ್ರಶ್ನೆ: ಮೊಮ್ಮಗಳಿಗೆ ನಿರೋಧಕ ಶಕ್ತಿ ಕಡಿಮೆಯೆಂದು ಡಾಕ್ಟರು ಹೇಳಿದ್ದಾರೆ, ಲಿವರ್‌ನಲ್ಲಿಯೂ ಸ್ವಲ್ಪ ಉರಿಯೂತವಿದೆಯಂತೆ. ಹಿತ್ತಲಿನ ಅಮೃತಬಳ್ಳಿಯ ಕಷಾಯ ದಿನವೂ ಕೊಟ್ಟರೆ ಶಕ್ತಿ ಹೆಚ್ಚುತ್ತದಲ್ಲವೇ?
— ಒಬ್ಬ ಅಜ್ಜಿ, ಹೊಸನಗರ

ಉತ್ತರ: ಅಮ್ಮಾ, ಮೊಮ್ಮಗಳ ಮೇಲಿನ ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಈ ಮಗುವಿಗೆ ಅದನ್ನು ಕೊಡಬೇಡಿ. ಹುಟ್ಟಿನ ಜೀನ್ ದೋಷವನ್ನು ಯಾವ ಕಷಾಯವೂ ಸರಿಪಡಿಸದು, ಮತ್ತು ಮೇಲೆ ಹೇಳಿದಂತೆ ಅವಳಲ್ಲಿ ದೇಹದ ಮೇಲೆಯೇ ಎರಗುವ ಕಣಗಳು ಈಗಾಗಲೇ ಇರಬಹುದು. ಅಮೃತಬಳ್ಳಿ ಸೇವಿಸಿದ ಬಳಿಕ ಆಟೋ ಇಮ್ಯೂನ್ ಬಗೆಯ ಲಿವರ್ ಉರಿಯೂತವಾದ ಆರು ಮಂದಿಯ ವಿವರವನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಬಳ್ಳಿಯನ್ನು ಸರಿಯಾಗಿ ಗುರುತಿಸಿಲ್ಲವೆಂದು ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವಿವರ ಬಂದಿತು, ಅವರಲ್ಲಿ ಕೆಲವರಿಗೆ ಮೊದಲೇ ಆಟೋ ಇಮ್ಯೂನ್ ಪ್ರವೃತ್ತಿ ಇತ್ತು. ಲಿವರ್‌ನಲ್ಲಿ ಈಗಾಗಲೇ ಉರಿಯೂತವಿರುವ ಮಗುವಿನ ಮೇಲೆ ಇದನ್ನು ಪರೀಕ್ಷಿಸಿ ನೋಡುವುದು ಸಲ್ಲದು. ಬಿಸಿ ಗಂಜಿ, ಕುದಿಸಿ ಆರಿಸಿದ ನೀರು ಕೊಡಿ, ಕೈಯಾರೆ ಬೇಯಿಸಿದ ಊಟ ಉಣಿಸಿ.

ಪ್ರಶ್ನೆ: ನನಗೆ ಐಜಿಎ ಒಂದೇ ಕಡಿಮೆ ಇದೆಯಂತೆ. ಗೋಧಿ ತಿಂದರೆ ಹೊಟ್ಟೆ ಕೆಡುತ್ತದೆ. ಸೀಲಿಯಾಕ್ (ಗೋಧಿಯ ಗ್ಲೂಟೆನ್‌ನಿಂದ ಕರುಳು ಕೆಡುವ ಕಾಯಿಲೆ) ಪರೀಕ್ಷೆ ನೆಗೆಟಿವ್ ಬಂದಿದೆ.
— ಭದ್ರಾವತಿ

ಉತ್ತರ: ಸಾಮಾನ್ಯವಾಗಿ ಮಾಡುವ ಸೀಲಿಯಾಕ್ ಪರೀಕ್ಷೆ ಐಜಿಎ ಬಗೆಯ ಪ್ರತಿಕಾಯವನ್ನೇ ಹುಡುಕುತ್ತದೆ, ಅದು ನಿಮ್ಮಲ್ಲಿಲ್ಲ. ಐಜಿಎ ಕೊರತೆಯುಳ್ಳವರಿಗೆ ಸೀಲಿಯಾಕ್ ಇತರರಿಗಿಂತ ಹೆಚ್ಚಾಗಿ ಬರುವುದರಿಂದ ಐಜಿಜಿ ಬಗೆಯ ಪರೀಕ್ಷೆಯನ್ನು, ಬೇಕಾದರೆ ಎಂಡೊಸ್ಕೋಪಿಯ ಮೂಲಕ ಸಣ್ಣಕರುಳಿನ ತುಣುಕಿನ ಪರೀಕ್ಷೆಯನ್ನು ಮಾಡಿಸಿ. ಅಲ್ಲಿಯವರೆಗೆ ಗೋಧಿಯನ್ನು ಪೂರ್ತಿ ಬಿಡಬೇಡಿ, ಬಿಟ್ಟರೆ ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು.

ಪ್ರಶ್ನೆ: ನಮ್ಮದು ಸೋದರ ಸಂಬಂಧದ ಮದುವೆ. ಮೊದಲ ಮಗುವಿಗೆ ಎಲ್‌ಆರ್‌ಬಿಎ ಎಂಬ ಜೀನ್ ದೋಷದಿಂದ ರಕ್ತಕಣಗಳ ನಾಶ, ಭೇದಿ, ಸೋಂಕು ಮೂರೂ ಇವೆ. ಎರಡನೆಯ ಮಗು ಬೇಕೆಂದಿದ್ದೇವೆ.
— ಶಿಕಾರಿಪುರ

ಉತ್ತರ: ಎಲ್‌ಆರ್‌ಬಿಎ ದೋಷದಲ್ಲಿ ಕಾಯಿಲೆ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬರಬೇಕು, ನೀವಿಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿನಲ್ಲಿ ಕಂಡ ನಿರ್ದಿಷ್ಟ ಜೀನ್ ಬದಲಾವಣೆಯ ಲಿಖಿತ ವರದಿಯನ್ನು ಪಡೆದು, ನಿಮ್ಮಿಬ್ಬರ ರಕ್ತದಲ್ಲಿ ಅದನ್ನು ಖಚಿತಪಡಿಸಿಕೊಂಡ ನಂತರ ಗರ್ಭ ಧರಿಸುವುದು ಒಳ್ಳೆಯದು. ಹಾಗೆ ಮಾಡಿದರೆ 11ರಿಂದ 13ನೆಯ ವಾರದಲ್ಲಿ ಮಾಸುವಿನ ತುಣುಕನ್ನು ಪರೀಕ್ಷಿಸಿ ತಿಳಿಯಬಹುದು. ಗರ್ಭಿಣಿಯಾದ ಬಳಿಕ ವರದಿ ಹುಡುಕಲು ಹೊರಟರೆ ಸಮಯ ಮೀರಿಹೋಗುತ್ತದೆ.

ಮೊದಲ ಮಗುವಿನ ವಿಷಯದಲ್ಲಿ ಭರವಸೆಯ ಮಾತೊಂದಿದೆ. ಎಲ್‌ಆರ್‌ಬಿಎ ಪ್ರೋಟೀನಿನ ಕೆಲಸ ಸಿಟಿಎಲ್‌ಎ4 ಎಂಬ ನಿಗ್ರಹದ ಅಣು ಕಣದೊಳಗೆ ಹಾಳಾಗದಂತೆ ಕಾಯುವುದು. ಅದೇ ಅಣುವನ್ನು ಹೋಲುವ ಅಬಟಾಸೆಪ್ಟ್ ಎಂಬ ಔಷಧಿ ಸಂಧಿವಾತಕ್ಕಾಗಿ ಮೊದಲಿನಿಂದಲೂ ಬಳಕೆಯಲ್ಲಿದೆ, ಮತ್ತು ಎಲ್‌ಆರ್‌ಬಿಎ ಮಕ್ಕಳಲ್ಲಿ ಭೇದಿಯನ್ನೂ ರಕ್ತಕಣಗಳ ನಾಶವನ್ನೂ ಅದು ಚೆನ್ನಾಗಿ ಹತೋಟಿಗೆ ತಂದಿದೆ. ಬರೀ ಸ್ಟಿರಾಯ್ಡ್ ಮೇಲೆ ವರ್ಷಗಳನ್ನು ದೂಡುವ ಬದಲು, ಮುಂದಿನ ಭೇಟಿಯಲ್ಲಿ ನಿಮ್ಮ ತಜ್ಞರನ್ನು ಈ ಔಷಧಿಯ ಕುರಿತೂ ಅಸ್ಥಿಮಜ್ಜೆ ಕಸಿಯ ಕುರಿತೂ ಹೆಸರು ಹಿಡಿದೇ ಕೇಳಿ. ಎರಡನೆಯ ಮಗು ಹುಟ್ಟಿದರೆ ಅದರ ಪರೀಕ್ಷೆಯ ವರದಿ ಬರುವವರೆಗೆ ಬಿಸಿಜಿ, ಬಾಯಿಗೆ ಹಾಕುವ ಪೋಲಿಯೊ ಮುಂತಾದ ಜೀವಂತ (ದುರ್ಬಲಗೊಳಿಸಿದ ರೋಗಾಣುವಿರುವ) ಲಸಿಕೆಗಳನ್ನು ಹಾಕಿಸುವ ಮುನ್ನ ಮಕ್ಕಳ ವೈದ್ಯರಿಗೆ ಅಣ್ಣನ ಅಥವಾ ಅಕ್ಕನ ಕಾಯಿಲೆಯ ವಿಷಯ ತಿಳಿಸಿ.